ಕಾಪೆಲ್–ಮರ್ಫಿ ಮಹಾಯುದ್ಧ ಮತ್ತು ಎಡಗೈ ಸೇನಾಪತಿಗಳು

ಕಾಪೆಲ್

ಡಲ್ಲಾಸ್ ವಿಮಾನ ನಿಲ್ದಾಣದಿಂದ ಕಾಪೆಲ್ ಎಷ್ಟು ಹತ್ತಿರ ಅಂದರೆ, ನನ್ನ ಸೂಟ್‌ಕೇಸಿನ ಭಾರದ ಬಗ್ಗೆ ಶಕುಂತಲೆ ಗೊಣಗಿ ಮುಗಿಸುವಷ್ಟರಲ್ಲಿ ಮನೆ ಬಂದಿತ್ತು. "ಏನೇ ಪಂಕಜಾ, ಅರಮನೇನೇ ಕಿತ್ಕೊಂಡು ಬಂದಿದೀಯಾ?" ಅಂದಳು. ಅರ್ಧ ಸೂಟ್‌ಕೇಸು ಅವಳೇ ತರಿಸಿದ ಸಾರಿನ ಪುಡಿ, ಹುಣಸೆಹಣ್ಣು. ಅದನ್ನು ಹೇಳಿದರೆ ಒಪ್ಪುವ ಪೈಕಿ ಅಲ್ಲ ಅವಳು.

ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳು ಎಂಜಿನಿಯರ್ ಮುರಳಿಯನ್ನು ಮದುವೆಯಾಗಿ ಟೆಕ್ಸಾಸಿಗೆ ಬಂದಳು. ನಾನು ಊರಲ್ಲೇ ಉಳಿದು, ಒಂದು ಸಂಜೆ ಪತ್ರಿಕೆಗೆ ಮೊನ್ನೆ ಮೊನ್ನೆಯವರೆಗೂ ವ್ಯಂಗ್ಯಚಿತ್ರ ಬರೆದೆ. ಮಂತ್ರಿಗಳ ಮೂಗನ್ನು ಚೂರು ಉದ್ದ ಮಾಡುವುದು, ಸಂಪಾದಕರು ಅದನ್ನು ಚೂರು ಮೊಟಕು ಮಾಡುವುದು, ಹೀಗೇ ಆಯಸ್ಸು ಕಳೆಯಿತು. ನನ್ನ ಗುರುಗಳಿಗೆಲ್ಲ ಮೂಲಗುರುಗಳಾದವರು ಹದಿನೆಂಟನೇ ಶತಮಾನದ ಯುರೋಪಿನವರು. ಅಲ್ಲಿನ ರಾಜರು ಹೊಡೆದಾಡುತ್ತಿದ್ದಾಗ ಅವರನ್ನು ಲೇವಡಿ ಮಾಡಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿ ಮಾರುತ್ತಿದ್ದ ಪುಣ್ಯಾತ್ಮರು. ಆ ಅಚ್ಚುಗಳ ಒಂದು ರಾಶಿ ಆಸ್ಟಿನ್ನಿನ ಮ್ಯೂಸಿಯಂ ಒಂದರಲ್ಲಿದೆ, ಕೇಳಿದರೆ ಯಾರಿಗಾದರೂ ತೋರಿಸುತ್ತಾರೆ ಅಂತ ಶಕುಂತಲೆಯೇ ಪತ್ತೆ ಹಚ್ಚಿ ನನ್ನನ್ನು ಕರೆಸಿಕೊಂಡಿದ್ದಳು.

ಅವಳಿಗೆ ಬೇರೆ ಉದ್ದೇಶವೂ ಇದೆ ಅಂತ ಗೊತ್ತಾಗಿದ್ದು ಗರಾಜಿನಲ್ಲಿ. ಕಾರಿನ ಪಕ್ಕ ಒಂದು ಪಾತ್ರೆ ಇತ್ತು. ನಾನು ಮಂಡಿ ಮಡಚಿ ಒಳಗೆ ಕೂರಬಹುದು, ಅಷ್ಟು ದೊಡ್ಡದು.

"ಇದರ ಮುಚ್ಚಳ ಎಲ್ಲೇ?"

"ಮರ್ಫಿಲಿತ್ತು" ಅಂದಳು. ಅವಳ ಮುಖ ಸಪ್ಪಗಾಯಿತು.

ಕಥೆ ಇಷ್ಟೇ. ಕಾಪೆಲ್ ಡಲ್ಲಾಸಿನ ಪಶ್ಚಿಮಕ್ಕೆ, ಮರ್ಫಿ ಪ್ಲೇನೋ ದಾಟಿ ಪೂರ್ವಕ್ಕೆ. ರಸ್ತೆ ಖಾಲಿ ಇದ್ದರೆ ಮುಕ್ಕಾಲು ಗಂಟೆ, ಇಲ್ಲದಿದ್ದರೆ ದೇವರೇ ಗತಿ. ಕಾಪೆಲ್ಲಿನ ಮುರಳಿ, ಮರ್ಫಿಯ ಡಾಕ್ಟರ್ ಬಸವರಾಜ ಇಬ್ಬರೂ ಸೇರಿ ಕಟ್ಟಿದ್ದು ಒಂದು ಪುಟ್ಟ ಕನ್ನಡ ಬಳಗ. ಬಸವರಾಜ ಧಾರವಾಡದವರು. ಯುಗಾದಿ ಊಟ, ದೀಪಾವಳಿ, ಮಕ್ಕಳ ಹಾಡು ಎಲ್ಲವೂ ಮೊದಲಿನಿಂದ ಕಾಪೆಲ್ಲಿನಲ್ಲೇ. ಹೋದ ವರ್ಷ ಬಸವರಾಜ ಸಭೆಯಲ್ಲಿ ಎದ್ದು ನಿಂತು, "ಪ್ರತಿ ಸಲ ನಾವ ಯಾಕ ಡ್ರೈವ್ ಮಾಡ್ಕೊಂಡ ಬರಬೇಕ್ರಿ? ಒಂದ್ಸಲ ನೀವ ಬರ್ರಲಾ" ಅಂದರಂತೆ. ಮುರಳಿ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಬಳಗ ಎರಡಾಯಿತು. ಒಂದೇ ದಿನ, ಒಂದೇ ಹೊತ್ತಿಗೆ ಎರಡು ದೀಪಾವಳಿ. ಪಾಲು ಮಾಡಿಕೊಂಡಾಗ ಮೈಕು ಅವರಿಗೆ, ಬ್ಯಾನರ್ ಇವರಿಗೆ. ಬಿಸಿಬೇಳೆಬಾತಿನ ಪಾತ್ರೆ ಕಾಪೆಲ್ಲಿನಲ್ಲಿ ಉಳಿಯಿತು, ತೊಳೆಯಲು ಒಯ್ದಿದ್ದ ಅದರ ಮುಚ್ಚಳ ಮರ್ಫಿಯಲ್ಲಿ. ಅವರು ಮುಚ್ಚಳ ಕೊಡಲಿಲ್ಲ, ಇವರು ಪಾತ್ರೆ ಬಿಡಲಿಲ್ಲ.

ಗಂಡಸರ ಜಂಬ ಹಾಳಾಗಿ ಹೋಗಲಿ, ಸಿಕ್ಕಿಹಾಕಿಕೊಂಡವರು ಹೆಂಗಸರು. ಬಸವರಾಜರ ಹೆಂಡತಿ ಗಂಗಾ, ಶಕುಂತಲೆಗೆ ಕಾರು ಓಡಿಸಲು ಕಲಿಸಿದವಳು. ಇಬ್ಬರೂ ಈ ದೇಶಕ್ಕೆ ಹೊಸಬರಾಗಿದ್ದಾಗ ಚರ್ಚೊಂದರ ಖಾಲಿ ಪಾರ್ಕಿಂಗಿನಲ್ಲಿ, "ಬ್ರೇಕ್ ಒತ್ರಿ ಶಕುಂತಲಾ, ಬ್ರೇಕ್!" ಅಂತ ಕೂಗುತ್ತ. ಯುದ್ಧ ಶುರುವಾದ ಮೇಲೆ ಇಬ್ಬರೂ ಕದ್ದು ಮಾತಾಡಿದರು, ಆಮೇಲೆ ಅದೂ ನಿಂತಿತು. ಈಗ ಬಸವರಾಜರಿಗೆ ಹ್ಯೂಸ್ಟನ್ ಕಡೆ ಆಸ್ಪತ್ರೆಯಲ್ಲಿ ಕೆಲಸವಾಗಿ ಅವರು ದ ವುಡ್‌ಲ್ಯಾಂಡ್ಸ್‌ಗೆ ಶಿಫ್ಟ್ ಆಗಿಬಿಟ್ಟಿದ್ದರು. ಹೇಳಿ ಹೋಗಲು ಇವಳ ಮನೆಗೆ ಅವಳು ಬರಲಿಲ್ಲ, ಇವಳೂ ಹೋಗಲಿಲ್ಲ. ಬರುವ ಭಾನುವಾರ ಗೃಹಪ್ರವೇಶ. ಕರೆಯೋಲೆ ಶಕುಂತಲೆಯ ಫೋನಿಗೆ ಬಂದಿತ್ತು.

"ಅದು ಊರಿಗೆಲ್ಲ ಕಳಿಸಿರೋ ಫಾರ್ವರ್ಡ್" ಅಂದರು ಮುರಳಿ, ಊಟದ ಮೇಜಿನಲ್ಲಿ. "ಅವನು ಬಾಯಿಬಿಟ್ಟು ಬಾ ಅಂದ್ನಾ? ನಾನು ಬರಲ್ಲ. ಪಂಕಜಾ, ನೀವೇ ಹೇಳಿ, ಏರ್‌ಪೋರ್ಟ್ ಯಾವ ಕಡೆ ಇದೆ? ಈ ಕಡೆ ತಾನೇ? ಹಾಗಾದ್ರೆ ಹಬ್ಬ ಎಲ್ಲಿ ಮಾಡ್ಬೇಕು?" ಅಂತ ಫೋನಿನಲ್ಲಿ ಮ್ಯಾಪ್ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು. ನಾನು ಮಜ್ಜಿಗೆಹುಳಿಯ ಮೇಲೆ ಗಮನ ಇಟ್ಟೆ.

ಅಡುಗೆಮನೆಯಲ್ಲಿ ಶಕುಂತಲೆ ಹೇಳಿದಳು: "ಈ ಸಲ ಹೋಗದೇ ಇದ್ರೆ ಮುಗೀತು ಕಣೇ. ಗಂಗಾ ಇನ್ನು ನನಗೆ ಸಿಗಲ್ಲ. ಒಬ್ಬಳೇ ಹೋದರೂ ಕಷ್ಟ, ಗಂಡ ಬರಲಿಲ್ಲ ಅನ್ನೋದೇ ದೊಡ್ಡದಾಗತ್ತೆ." ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಆಸ್ಟಿನ್ನಿಗೆ ತಾನೇ ಡ್ರೈವ್ ಮಾಡುತ್ತೇನೆ, ಅಲ್ಲಿಂದ ನೇರ ಗೃಹಪ್ರವೇಶಕ್ಕೆ ಹೋಗುತ್ತೇನೆ ಅಂತ ಹೊರಟಳು. ಮುರಳಿ ಮುಖ ಊದಿಸಿಕೊಂಡೇ ಬಂದು ನಾಲ್ಕೂ ಚಕ್ರದ ಗಾಳಿ ನೋಡಿ, ಗಾಜು ಒರೆಸಿ ಒಳಗೆ ಹೋದರು.

ದಾರಿಯಲ್ಲಿ

ಏಪ್ರಿಲ್ ತಿಂಗಳು. ಹೆದ್ದಾರಿಯ ಬದಿಯುದ್ದಕ್ಕೂ ನೀಲಿ ಹೂವು ಹಾಸಿತ್ತು. ಟೆಕ್ಸಾಸಿನವರು ಈ ಹೂವು ಕಂಡರೆ ಕಾರು ನಿಲ್ಲಿಸಿ, ಮಕ್ಕಳನ್ನು, ನಾಯಿಯನ್ನು, ಅಜ್ಜಿಯನ್ನು ಅದರ ನಡುವೆ ಕೂರಿಸಿ ಫೋಟೋ ತೆಗೆಯುತ್ತಾರೆ. ನಾನೂ ಸೆರಗು ಸರಿ ಮಾಡಿಕೊಂಡು ಕೂತೆ. ನೀಲಿ ಹೂವಿನ ಕೆಳಗೆ ಕೆಂಪಿರುವೆ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ. ನಾನು ಎಗರಿದ್ದು ನೋಡಿ ಪಿಕಪ್ ಟ್ರಕ್ಕಿನ ಮನುಷ್ಯನೊಬ್ಬ ನಿಲ್ಲಿಸಿದ. ಅಗಲ ಟೋಪಿ ತೆಗೆದು, "ಮ್ಯಾಮ್, ಮ್ಯಾಮ್" ಅನ್ನುತ್ತ ಯಾವುದೋ ಮುಲಾಮು ಕೊಟ್ಟು, ನಾನು ಹಚ್ಚಿಕೊಳ್ಳುವವರೆಗೂ ಮರ್ಯಾದೆಯಾಗಿ ಆ ಕಡೆ ತಿರುಗಿ ನಿಂತ. ನಮ್ಮ ಕಡೆಯಾಗಿದ್ದರೆ ಸುತ್ತ ಜನ ಸೇರಿ, ಒಬ್ಬರು ಸುಣ್ಣ ಹಚ್ಚಿ ಅಂತಲೂ ಇನ್ನೊಬ್ಬರು ಸುಣ್ಣ ಮಾತ್ರ ಬೇಡ ಅಂತಲೂ ವಾದಕ್ಕೆ ಇಳಿಯುತ್ತಿದ್ದರು. ಶಕುಂತಲೆ ಆಸ್ಟಿನ್ ಬರುವವರೆಗೂ ನಕ್ಕಳು. ಅವಳು ನಕ್ಕಿದ್ದಕ್ಕೆ ಇರುವೆಗಳನ್ನು ಕ್ಷಮಿಸಿದೆ.

ಆಸ್ಟಿನ್, ರಾಜರ ಊಟದ ಮೇಜು

ಮ್ಯೂಸಿಯಮ್ಮಿನಲ್ಲಿ ಚೀಲ ಹೊರಗೆ ಇಡಬೇಕು, ಕೈ ತೊಳೆಯಬೇಕು, ಪೆನ್ನು ಮುಟ್ಟುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಇಷ್ಟು ಮಡಿ ನಮ್ಮ ಸೋದರತ್ತೆಯ ಅಡುಗೆಮನೆಯಲ್ಲೂ ಇರಲಿಲ್ಲ. ನಮ್ಮನ್ನು ನೋಡಿಕೊಳ್ಳಲು ಬಂದವನು ಡೇನಿಯಲ್, ಬಡಕಲು ಮನುಷ್ಯ, ಕಾಲಿಗೆ ಮಾತ್ರ ಕುದುರೆ ಸವಾರನ ಬೂಟು. ಹಾಳೆಗಳನ್ನು ಒಂದೊಂದಾಗಿ ಎಳೆಗೂಸಿನ ಹಾಗೆ ಎತ್ತಿ ಮೇಜಿನ ಮೇಲೆ ಮಲಗಿಸಿದ.

ಅಯ್ಯೋ, ಏನು ಧೈರ್ಯ ಆ ಜನಕ್ಕೆ! ಇಂಗ್ಲೆಂಡ್ ಅಂದರೆ ದನದ ಮಾಂಸ ತಿಂದು ಊದಿದ ಹೊಟ್ಟೆ. ಫ್ರಾನ್ಸ್ ಅಂದರೆ ಕಡ್ಡಿ ಕಾಲಿನ ಮೇಲೆ ಜರಿ ಕೋಟು. ಹಾಲೆಂಡ್ ಅಂದರೆ ಕಪ್ಪೆ. ಒಂದರಲ್ಲಿ ಹಡಗಿನ ಪಡೆಯೇ ಗಾಳಿಗೆ ತೇಲಿಹೋಗುತ್ತಿದೆ, ಆ ಗಾಳಿ ಒಬ್ಬ ಮಂತ್ರಿಯ ಯಾವ ಭಾಗದಿಂದ ಬರುತ್ತಿದೆ ಅಂತ ನಾನು ಬರೆಯುವುದಿಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ. ಗಾಬರಿಯಾಗಿ ಬಾಯಿ ಮುಚ್ಚಿಕೊಂಡರೆ ಡೇನಿಯಲ್, "ಪರವಾಗಿಲ್ಲ ಮ್ಯಾಮ್, ಇಲ್ಲಿ ನಗಬಹುದು. ಸೀನು ಬಂದರೆ ಮಾತ್ರ ದೂರ ಹೋಗಿ" ಅಂದ.

ಬಡವರು ಇವನ್ನು ಕೊಳ್ಳುತ್ತಿರಲಿಲ್ಲವಂತೆ. ಅಂಗಡಿಯ ಗಾಜಿಗೆ ಅಂಟಿಸಿದ್ದನ್ನು ಬೀದಿಯಲ್ಲಿ ಗುಂಪುಗೂಡಿ ನೋಡಿ ನಗುತ್ತಿದ್ದರಂತೆ. ನಮ್ಮಲ್ಲಿ ಒಂದೇ ಪೇಪರನ್ನು ಹೋಟೆಲಿನಲ್ಲಿ ಹತ್ತು ಜನ ಹಂಚಿಕೊಂಡು ಓದಿದ ಹಾಗೆ. ಉಳ್ಳವರು ಸಂಜೆ ನೆಂಟರು ಬಂದರೆ ಅಂಗಡಿಯಿಂದ ಒಂದು ಕಟ್ಟು ಚಿತ್ರ ಬಾಡಿಗೆಗೆ ತಂದು, ನೋಡಿ ನಕ್ಕು, ಬೆಳಿಗ್ಗೆ ವಾಪಸ್ ಕೊಡುತ್ತಿದ್ದರಂತೆ. ಬಣ್ಣ ತುಂಬಲು ಸಾಲಾಗಿ ಹೆಂಗಸರು. ಒಬ್ಬಳಿಗೆ ಕೆಂಪು ಮಾತ್ರ, ಇನ್ನೊಬ್ಬಳಿಗೆ ನೀಲಿ ಮಾತ್ರ.

ಆಮೇಲೆ ಡೇನಿಯಲ್ ಒಂದೇ ಚಿತ್ರದ ಎರಡು ಅಚ್ಚುಗಳನ್ನು ಪಕ್ಕಪಕ್ಕ ಇಟ್ಟ. ಒಂದರಲ್ಲಿ ಸೇನಾಪತಿಯ ಕತ್ತಿ ಬಲಗೈಯಲ್ಲಿದೆ. ಇನ್ನೊಂದರಲ್ಲಿ ಅವನೂ ಎಡಗೈ, ಅವನ ಹಿಂದಿನ ಸಿಪಾಯಿಗಳೂ ಎಡಗೈ. ಎರಡನೆಯದು ಕದ್ದ ಮಾಲು ಅಂತ ವಿವರಿಸಿದ. ತಗಡಿನಲ್ಲಿ ಕೊರೆದದ್ದು ಕಾಗದಕ್ಕೆ ಬಂದಾಗ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ. ಕಳ್ಳ ನಕಲುಗಾರ ಆತುರಕ್ಕೆ ಬಿದ್ದು, ಚಿತ್ರವನ್ನು ತಿರುಗಿಸದೆ ನೋಡಿದ ಹಾಗೇ ಕೊರೆದಿದ್ದಾನೆ. ಪೂರ್ತಿ ಸೈನ್ಯವೇ ಎಡಚರ ದಂಡಾಗಿದೆ. "ಎಂಥ ಪೆದ್ದ ಇರಬೇಕು!" ಅಂತ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಓದುವವರು ಈ ನಗುವನ್ನು ನೆನಪಿಟ್ಟುಕೊಳ್ಳಬೇಕು.

ಕೊನೆಯದರಲ್ಲಿ ರಾಜರೆಲ್ಲ ಒಂದು ಊಟದ ಮೇಜಿನ ಸುತ್ತ ಕೂತಿದ್ದರು. ಮೇಜಿನ ಮೇಲೆ ಅನ್ನದ ಬದಲು ಭೂಪಟ. ಒಬ್ಬ ಚಾಕುವಿನಿಂದ ದ್ವೀಪ ಕೊಯ್ಯುತ್ತಿದ್ದಾನೆ, ಇನ್ನೊಬ್ಬ ಅವನ ತಟ್ಟೆಗೆ ಕೈಹಾಕಿದ್ದಾನೆ. ಎಲ್ಲರ ಬಾಯಿಂದಲೂ ಮಾತು ರಿಬ್ಬನ್ನಿನ ಹಾಗೆ ಸುರುಳಿ ಸುರುಳಿಯಾಗಿ ಹೊರಟಿದೆ. ಮೂಲೆಯಲ್ಲಿ ಒಬ್ಬಳು ಹೆಂಗಸು, ಕೈಯಲ್ಲಿ ಒರೆಸುವ ಬಟ್ಟೆ, ಇವರು ಯಾವಾಗ ಏಳುತ್ತಾರೋ ಅಂತ ಕಾಯುತ್ತಿದ್ದಾಳೆ. ರಾಜರಿಗೆಲ್ಲ ಕೆಳಗೆ ಹೆಸರಿತ್ತು, ಅವಳಿಗಿರಲಿಲ್ಲ. ಶಕುಂತಲೆ ಅಲ್ಲಿಂದ ಕದಲಲೇ ಇಲ್ಲ.

ಕಾರಿನಲ್ಲಿ ಕೂತ ಮೇಲೆ ಹೇಳಿದಳು: "ನಮ್ಮದೂ ಒಂದು ಬರಿ. ಉಡುಗೊರೆ ಅಂತ ಅದನ್ನೇ ಕೊಡ್ತೀನಿ."

"ನಿನಗೇನು ತಲೆ ಕೆಟ್ಟಿದೆಯಾ? ಗೃಹಪ್ರವೇಶದ ದಿನ ಯಜಮಾನನ್ನ ಲೇವಡಿ ಮಾಡೋದಾ? ಇರೋ ಬಾಗಿಲೂ ಮುಚ್ಚಿಹೋಗತ್ತೆ."

"ಈಗೇನು ತೆಗೆದಿದೆಯಾ?" ಅಂದಳು.

ಆಸ್ಟಿನ್, ಪೆದ್ದಿ ಯಾರು

ಡೇನಿಯಲ್ ಹೇಳಿದ ಒಂದು ಅಚ್ಚುಮನೆಗೆ ಮರುದಿನ ಹೋದೆವು. ಮಾರ್ತಾ ಅನ್ನುವ ದಪ್ಪ ಜಡೆಯ ಹೆಂಗಸು ನಡೆಸುವ ಜಾಗ. ಯಾರು ಬೇಕಾದರೂ ತಗಡು ತೆಗೆದುಕೊಂಡು ಸೂಜಿಯಲ್ಲಿ ಗೀಚಿ ಅಚ್ಚು ಹಾಕಬಹುದು. ನಾನು ಜೀವಮಾನವೆಲ್ಲ ಕಾಗದದ ಮೇಲೆ ಬರೆದು ಕೊಟ್ಟವಳು. ಅದು ಅಚ್ಚಾಗುವುದು ಹೇಗೆ ಅನ್ನುವುದು ಪ್ರೆಸ್ಸಿನವರ ತಲೆನೋವಾಗಿತ್ತು.

ಕೊನೆಗೆ ಶಕುಂತಲೆಗೆ ಸೋತು ನಾನು ತಗಡಿನಲ್ಲಿ ಗೀಚಿದ್ದು ಹೀಗೆ. ಮಧ್ಯೆ ಉದ್ದದ ಊಟದ ಮೇಜು, ಅದರ ಮೇಲುಹಾಸು ಡಲ್ಲಾಸಿನ ಭೂಪಟ. ಎಡಕ್ಕೆ ಮುರಳಿ, ಪಾತ್ರೆಯನ್ನೇ ಕಿರೀಟ ಮಾಡಿಕೊಂಡು ಮೇಜನ್ನು ತಮ್ಮ ಕಡೆ ಎಳೆಯುತ್ತಿದ್ದಾರೆ. ಬಲಕ್ಕೆ ಬಸವರಾಜ, ಶಕುಂತಲೆಯ ಫೋನಿನಲ್ಲಿದ್ದ ಫೋಟೋ ನೋಡಿ ಬರೆದ ಗಿರಿಜಾ ಮೀಸೆ, ಕೈಯಲ್ಲಿ ಮುಚ್ಚಳದ ಗುರಾಣಿ. ಮೇಜಿನ ಕೆಳಗೆ ನಾಲ್ಕು ಕಾಲಿನ ಬದಲು ಇಬ್ಬರು ಹೆಂಗಸರು ಅದನ್ನು ಹೊತ್ತು ನಿಂತಿದ್ದಾರೆ. ಇಬ್ಬರಿಗೂ ಹೆಸರು ಹಾಕಬೇಕು ಅಂತ ಶಕುಂತಲೆ ಹಟ ಹಿಡಿದಳು.

"ಅಕ್ಷರ ತಿರುಗಿಸಬೇಕು, ಮರೀಬೇಡ" ಅಂತ ಮಾರ್ತಾ ತೆಳುಹಾಳೆ ಕೊಟ್ಟಳು. ಅದರಲ್ಲಿ ಹೆಸರುಗಳನ್ನೂ, ಕೆಳಗೆ ಎಡಕ್ಕೆ ಕಾಪೆಲ್, ಬಲಕ್ಕೆ ಮರ್ಫಿ ಅಂತಲೂ ಬರೆದು, ಹಾಳೆ ಮಗುಚಿ ತಗಡಿಗೆ ಇಳಿಸಿದೆ. ಆ ರಾಜರ ಹಾಗೆ ಗಂಡಸರ ಬಾಯಿಂದ ಹೊರಡಿಸಿದ್ದ ಮಾತಿನ ಸುರುಳಿಗಳಲ್ಲಿ ಉಲ್ಟಾ ಬರೆಯುವಷ್ಟು ತಾಳ್ಮೆ ಉಳಿದಿರಲಿಲ್ಲ, ಖಾಲಿ ಬಿಟ್ಟೆ.

ಮಾರ್ತಾ ಯಂತ್ರದ ಚಕ್ರ ತಿರುಗಿಸಿ ಒದ್ದೆ ಹಾಳೆ ಎತ್ತಿದಳು. ಬಹಳ ಚೆನ್ನಾಗಿ ಬಂದಿತ್ತು. ನಾನು ನನ್ನನ್ನೇ ಮೆಚ್ಚಿಕೊಳ್ಳುವ ಹೊತ್ತಿಗೆ ಶಕುಂತಲೆ ಕೇಳಿದಳು: "ಪಂಕಜಾ, ನಮ್ಮನೆಯವರು ಮರ್ಫಿಲಿ ಏನ್ ಮಾಡ್ತಿದಾರೆ?"

ಹಣೆ ಹಣೆ ಚಚ್ಚಿಕೊಂಡೆ. ಅಕ್ಷರ ತಿರುಗಿಸಿದ್ದೆ, ಚಿತ್ರ ತಿರುಗಿಸಿರಲಿಲ್ಲ! ಊರುಗಳು ತಮ್ಮ ಜಾಗದಲ್ಲೇ ಇದ್ದವು, ಮುರಳಿ ಹೋಗಿ ಮರ್ಫಿಯ ಮೇಲೆ ಕೂತಿದ್ದರು, ಬಸವರಾಜ ಕಾಪೆಲ್ಲಿನಲ್ಲಿ ಮೀಸೆ ತಿರುವುತ್ತಿದ್ದರು. ಮಾರ್ತಾಳನ್ನು ಅನ್ನುವ ಹಾಗಿಲ್ಲ. ಯಾರು ಯಾವ ಊರಿನವರು ಅಂತ ಅವಳಿಗೇನು ಗೊತ್ತು ಪಾಪ. ಮತ್ತೊಂದು ತಗಡು ಗೀಚಲು ಸಮಯವಿರಲಿಲ್ಲ. ಇದನ್ನು ಕೊಡುವುದೇ ಬೇಡ, ಬೆಳ್ಳಿ ಕುಂಕುಮದ ಬಟ್ಟಲು ಕೊಡೋಣ ಅಂತ ಬೇಡಿಕೊಂಡೆ. ಶಕುಂತಲೆ ಕೇಳಿಸಿಕೊಳ್ಳದವಳ ಹಾಗೆ ಬಣ್ಣ ತುಂಬುತ್ತ ಕೂತಿದ್ದಳು. ಗಂಗಾಳ ಸೀರೆಗೆ ಹಸಿರು. "ಅವಳಿಗೆ ಹಸಿರು ಇಷ್ಟ" ಅಂದಳು.

ದ ವುಡ್‌ಲ್ಯಾಂಡ್ಸ್

ಹ್ಯೂಸ್ಟನ್ನಿನ ಉತ್ತರಕ್ಕೆ, ಪೈನ್ ಮರಗಳ ನಡುವೆ ಮನೆ. ಹೋಮದ ಹೊಗೆಗೆ ಅಲಾರಾಂ ಕೂಗಿಕೊಳ್ಳಬಾರದು ಅಂತ ಯಾರೋ ಎತ್ತರದ ಸ್ಟೂಲಿನ ಮೇಲೆ ನಿಂತು ಟವೆಲ್ ಬೀಸುತ್ತಿದ್ದರು. ಗಂಗಾ ಹಸಿರು ಸೀರೆಯಲ್ಲಿ ಬಾಗಿಲಿಗೆ ಬಂದಳು. ಶಕುಂತಲೆಯನ್ನು ಕಂಡು ಎರಡೂ ಕೈ ಚಾಚಿದವಳು ಅವಳ ಬೆನ್ನ ಹಿಂದೆ ನೋಡಿದಳು.

"ಅವರು?"

"ಬರಲಿಲ್ಲ."

ಚಾಚಿದ ಕೈ ಅಲ್ಲೇ ನಿಂತವು. ಬಸವರಾಜರು ಬಂದು, "ಬರ್ರಿ, ಊಟಾ ಮಾಡ್ಕೊಂಡ ಹೋಗ್ರಿ" ಅಂದರು. ಮರ್ಯಾದೆಯ ಮಾತೇ, ಆದರೆ ತಣ್ಣಗಿತ್ತು. ಶಕುಂತಲೆ ನನಗೆ ತಡೆಯಲು ಅವಕಾಶವನ್ನೇ ಕೊಡದೆ ಸುತ್ತಿ ತಂದಿದ್ದ ಚಿತ್ರ ಬಿಚ್ಚಿ ಅವರ ಕೈಗಿಟ್ಟಳು.

ಬಸವರಾಜರು ನೋಡಿದರು. ಸುತ್ತಲಿನವರೂ ಬಗ್ಗಿ ನೋಡಿದರು. ಅವರ ಮೊಮ್ಮಗಳು, "ಅಜ್ಜಾ, ವೈ ಈಸ್ ಮುರಳಿ ಅಂಕಲ್ ವೇರಿಂಗ್ ಎ ಪಾಟ್?" ಅಂತ ಕೇಳಿತು. ಯಾರೂ ನಗಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ನನ್ನ ಕುಚೋದ್ಯಕ್ಕೆ ಶಕುಂತಲೆಯ ಸ್ನೇಹ ಹೋಯಿತಲ್ಲ ಅಂದುಕೊಂಡೆ.

"ಏನ್ರೀ ಇದು?" ಅಂದರು ಬಸವರಾಜರು. "ನನ್ನ ಒಯ್ದು ಕಾಪೆಲ್‌ನ್ಯಾಗ ಕೂಡಿಸೀರಲ್ರೀ?"

"ತಪ್ಪಾಯ್ತು ಡಾಕ್ಟರೇ" ಅಂತ ತಗಡಿನ ಕಥೆ ಎಲ್ಲ ಒದರಿದೆ. ಅವರು ನನ್ನ ಮಾತು ಕೇಳುತ್ತಿರಲಿಲ್ಲ. ಮರ್ಫಿಯಲ್ಲಿ ಕೂತ ಮುರಳಿಯನ್ನೇ ನೋಡುತ್ತಿದ್ದರು. "ಆ ಮನಿಯೊಳಗ ಇಷ್ಟು ವರ್ಷ ಇದ್ವಿ, ಒಂದ್ಸಲನೂ ಬರಲಿಲ್ಲ ಮಗಾ" ಅಂದರು ಮೆಲ್ಲಗೆ. "ಮನಿ ಮಾರಿದ ಮ್ಯಾಲೆ ಬಂದು ಕುಂತಾನ."

ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ಚಿತ್ರದಲ್ಲಿ ತಮ್ಮ ಬಾಯಿಂದ ಹೊರಟ ಖಾಲಿ ಸುರುಳಿಯಲ್ಲಿ ಬರೆದರು: ಕಾಪೆಲ್ ಭಾಳ ಚಲೋ ಐತಿ. ನೀ ಯಾವಾಗ ಬರ್ತಿ? ಅದರ ಫೋಟೋ ತೆಗೆದು ಮುರಳಿಗೆ ಕಳಿಸಿ, ಫೋನನ್ನು ದೇವರ ಮುಂದೆ ಇಟ್ಟರು.

ಫೋನು ತಕ್ಷಣ ಹೊಡೆದುಕೊಂಡಿತು. ಗಂಗಾ ಓಡಿಬಂದು ಸ್ಪೀಕರ್ ಒತ್ತಿದಳು.

"ನನ್ನ ಹೊಟ್ಟೆ ಅಷ್ಟು ದಪ್ಪ ಇದೆಯೇನೋ?" ಮುರಳಿಯ ದನಿ.

"ಅದಕ್ಕಿಂತ ದಪ್ಪ ಐತಿ. ಪಂಕಜಾ ಅವ್ರು ಪಾಪ ಕಡಿಮಿ ಮಾಡಿ ತಗದಾರ."

"ಮುಖ ಮಾತ್ರ ನಂದೇ ಕಣಯ್ಯ. ಬೆಳಿಗ್ಗೆ ಕನ್ನಡಿಲಿ ನೋಡಿದ ಹಾಗೇ ಇದೆ."

ಫೋನಿನ ಆ ಕಡೆ ಲಾರಿಗಳ ಸದ್ದು ಕೇಳಿಸುತ್ತಿತ್ತು. ಶಕುಂತಲೆ ನನ್ನ ಕೈ ಹಿಡಿದುಕೊಂಡಳು.

"ಎಲ್ಲಿ ಅದಿಯೋ?" ಕೇಳಿದರು ಬಸವರಾಜ.

"ಮ್ಯಾಡಿಸನ್‌ವಿಲ್ ಹತ್ತಿರ. ಗ್ಯಾಸ್ ಸ್ಟೇಷನ್‌ಲಿ."

"ಅಲ್ಲೇನ ಮಾಡ್ಲಿಕತ್ತಿ?"

"ಗೊತ್ತಿಲ್ಲ. ಬೆಳಿಗ್ಗೆ ಎದ್ದು ಹೊರಟೆ. ಅರ್ಧ ದಾರಿ ಬಂದೆ. ಕರೀದೇ ಮುಂದೆ ಬರೋಕೆ ನಾಚಿಕೆ, ವಾಪಸ್ ಹೋಗೋಕೆ ಮನಸ್ಸಿಲ್ಲ. ಎರಡು ಕಾಫಿ ಕುಡಿದೆ. ಪಾತ್ರೆ ಬೇರೆ ತಂದಿದೀನಿ."

ಬಸವರಾಜರು ಪಂಚೆ ಮೇಲೆತ್ತಿ ಕಟ್ಟಿದರು. "ಅಲ್ಲೇ ಇರು. ಉಳಿದರ್ಧ ನಾ ಬರ್ತೀನಿ" ಅಂದರು.

"ಯಜಮಾನ್ರೇ, ಪೂರ್ಣಾಹುತಿ!" ಪುರೋಹಿತರು ಗಾಬರಿಯಾದರು.

"ಗಂಗಾ ಮಾಡ್ತಾಳ" ಅಂದವರೇ ಕಾರಿನ ಕೀಲಿ ತೆಗೆದುಕೊಂಡು, ಹಣೆಯ ಕುಂಕುಮ, ಹೆಗಲ ಮೇಲಿನ ಶಲ್ಯದ ಸಮೇತ ಹೋಗಿಯೇಬಿಟ್ಟರು. ತನ್ನದೇ ಗೃಹಪ್ರವೇಶ ಬಿಟ್ಟು ಹೊರಗೆ ಓಡಿದ ಯಜಮಾನನನ್ನು ನಾನು ನೋಡಿದ್ದು ಅದೇ ಮೊದಲು.

ಗಂಗಾ ಶಕುಂತಲೆಯ ಕಡೆ ತಿರುಗಿದಳು. "ಆಸ್ಟಿನ್ನಿಂದ ಹೈವೇ ಮ್ಯಾಲೆ ನೀವ ಓಡಿಸ್ಕೊಂಡ ಬಂದ್ರೇನ್ರಿ?"

"ನೀವೇ ಕಲಿಸಿದ್ದಲ್ವಾ."

ಅಷ್ಟೇ. ಇಬ್ಬರೂ ಅಪ್ಪಿಕೊಂಡು ಅತ್ತರು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ. ಊರಿಗೆ ಹೋಗುವುದರೊಳಗೆ ಸರಿಯಾದ ಚಿತ್ರ ಮಾಡಿ ಕಳಿಸುತ್ತೇನೆ ಅಂದರೆ ಗಂಗಾ ಅಡುಗೆಮನೆಯ ಗೋಡೆಗೆ ಈ ತಪ್ಪು ಚಿತ್ರವನ್ನೇ ಆಗಲೇ ಅಂಟಿಸುತ್ತಿದ್ದಳು. "ತಿದ್ದಬ್ಯಾಡ್ರಿ. ಹಿಂಗ ಇರಲಿ" ಅಂದಳು.

ಮಧ್ಯಾಹ್ನ ಎಲ್ಲರದೂ ಊಟವಾಗಿ ಎಲೆ ಎತ್ತಿದ ಮೇಲೆ ಕಾರು ಬಂತು. ಹಿಂದಿನ ಸೀಟಿನಲ್ಲಿ ಪಾತ್ರೆ, ಅದಕ್ಕೆ ಬೆಲ್ಟ್ ಬೇರೆ ಹಾಕಿದ್ದರು. ಮುಂದೆ ಇಬ್ಬರೂ ಯಾವ ಎಕ್ಸಿಟ್ ತೆಗೆದುಕೊಳ್ಳಬೇಕಿತ್ತು ಅಂತ ಜೋರಾಗಿ ಜಗಳವಾಡುತ್ತ ಇಳಿದರು. ಮನೆ ಬದಲಾಯಿಸಿದ ಗಲಾಟೆಯಲ್ಲಿ ಮುಚ್ಚಳ ಯಾವ ಪೆಟ್ಟಿಗೆ ಸೇರಿತ್ತೋ, ಎಷ್ಟು ಹುಡುಕಿದರೂ ಸಿಗಲಿಲ್ಲ.

"ಇದು ಮುರಳಿಯವರ ಕಾರು" ಅಂದಳು ಗಂಗಾ. "ನಿಮ್ಮದೆಲ್ಲೈತಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಮಾತಾಡ್ಕೋತ ಇವನ ಕಾರ್ ಹತ್ತಿಬಿಟ್ನಿ" ಅಂದರು ಬಸವರಾಜ. ಅವರ ಕಾರು ಮ್ಯಾಡಿಸನ್‌ವಿಲ್ಲಿನ ಗ್ಯಾಸ್ ಸ್ಟೇಷನ್ನಿನಲ್ಲೇ ನಿಂತಿತ್ತು.

ಮರುದಿನ ತಿಂಡಿ ತಿಂದು ಇಬ್ಬರೂ ಅದನ್ನು ತರಲು ಹೋದರು. ಎರಡು ಗಂಟೆಯ ಕೆಲಸ. ಸಂಜೆಯಾದರೂ ಸುಳಿವಿಲ್ಲ. ಶಕುಂತಲೆ ಫೋನ್ ಮಾಡಿದಳು. ಕಾರು ಇಟ್ಟಲ್ಲೇ ಇದೆಯಂತೆ, ಏನೂ ತೊಂದರೆ ಇಲ್ಲವಂತೆ. ಆದರೆ ಇನ್ನು ಬೇರೆ ಬೇರೆ ಕಾರಿನಲ್ಲಿ ಬರಬೇಕಲ್ಲ, ಅದಕ್ಕೇ ಅಲ್ಲೇ ಕೂತು ಮಾತಾಡುತ್ತಿದ್ದಾರಂತೆ.